ಆಸ್ತಿಯ ಮಾತು ಬಿಟ್ಟದ್ದು ಯಾವಾಗ?

ಪ್ರಶ್ನೆ: ಬ್ರಿಟನ್ನಿನ ಎಡಪಂಥೀಯರು ಲಿಂಗ, ಬಣ್ಣ, ವಲಸೆ ಎನ್ನುತ್ತಲೇ ಕಾರ್ಮಿಕರನ್ನು ಕಳೆದುಕೊಂಡರು. ಮಾರ್ಕ್ಸ್ ಇದ್ದಿದ್ದರೆ ಇವರನ್ನು ಒಪ್ಪುತ್ತಿದ್ದನೇ? - ಓದುಗರೊಬ್ಬರು, ಧಾರವಾಡ

ಉತ್ತರ: ಕಳೆದುಕೊಂಡದ್ದು ನಿಜ. ನನ್ನ ತಕರಾರು ನೀವು ಕೊಟ್ಟ ಕಾರಣದ ಬಗ್ಗೆ.

ಉತ್ಪಾದನಾ ಸಾಧನಗಳು ಎಲ್ಲರ ಒಡೆತನಕ್ಕೆ ಬರಬೇಕೆಂದು ಲೇಬರ್ ಪಕ್ಷ 1918ರಲ್ಲೇ ತನ್ನ ನಿಯಮಾವಳಿಯ ನಾಲ್ಕನೆಯ ವಿಧಿಯಲ್ಲಿ ಬರೆದುಕೊಂಡಿತ್ತು. 1995ರಲ್ಲಿ ಪಕ್ಷದ ನಾಯಕ ಟೋನಿ ಬ್ಲೇರ್ ಅದನ್ನು ತೆಗೆಸಿದರು. ಅದಕ್ಕೆ ಹತ್ತು ವರ್ಷ ಮೊದಲು, ವರ್ಷವಿಡೀ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರು ಸೋತು ಕೆಲಸಕ್ಕೆ ಮರಳಿದ್ದರು. ಗಣಿ ಮುಚ್ಚಿದ ಊರಿನಲ್ಲಿ ಸಂಘದ ಬಾಗಿಲೂ ಮುಚ್ಚಿತು; ಪಕ್ಷಕ್ಕೂ ಕಾರ್ಮಿಕನಿಗೂ ಇದ್ದ ಹೊಕ್ಕುಬಳಕೆ ಸೊರಗಿತು. 1997ರಿಂದ 13 ವರ್ಷ ಆಳಿದ ಲೇಬರ್, ಕನ್ಸರ್ವೇಟಿವ್ ಪ್ರಧಾನಿ ಥ್ಯಾಚರ್ ಮಾರಿದ್ದ ನೀರು, ಅನಿಲ, ದೂರವಾಣಿಗಳನ್ನು ಮರಳಿ ಪಡೆಯಲಿಲ್ಲ. 2008ರಲ್ಲಿ ಮಾತ್ರ ಖಜಾನೆ ತೆರೆಯಿತು, ಬ್ಯಾಂಕುಗಳನ್ನು ಉಳಿಸಲು!

2019ರ ಚುನಾವಣೆಯಲ್ಲಿ ಲೇಬರ್‌ಗೆ ಬೋಲ್ಸೋವರ್ ಕೈತಪ್ಪಿತು. ಗಣಿಯಲ್ಲಿ ದುಡಿದಿದ್ದ ಡೆನಿಸ್ ಸ್ಕಿನ್ನರ್ 1970ರಿಂದ ಗೆಲ್ಲುತ್ತಿದ್ದ ಕ್ಷೇತ್ರ ಅದು. ಬ್ರೆಕ್ಸಿಟ್ ಗದ್ದಲವೂ ಇತ್ತು, ಸರಿ. ಆದರೆ ಆ ಸಲ ಲೇಬರ್ ನಾಯಕ ಜೆರೆಮಿ ಕೋರ್ಬಿನ್ ನೀರು, ರೈಲುಗಳ ರಾಷ್ಟ್ರೀಕರಣದ ಭರವಸೆ ಕೊಟ್ಟಿದ್ದರಲ್ಲ ಎಂದು ನೀವು ಕೇಳಬಹುದು. ಕೊಟ್ಟಿದ್ದರು. ಮೂವತ್ತು ವರ್ಷ ಇತ್ತ ತಲೆಹಾಕದ ನೆಂಟ ಒಮ್ಮೆಲೇ ಹೋಳಿಗೆ ಬುಟ್ಟಿ ಹೊತ್ತು ಬಂದರೆ ಮನೆಯವರು ಅನುಮಾನದಿಂದಲೇ ನೋಡುತ್ತಾರೆ.

ಇನ್ನು ವಲಸೆ. ಇಂಗ್ಲಿಷ್ ಕಾರ್ಮಿಕ ತನ್ನ ಪಕ್ಕದಲ್ಲೇ ದುಡಿಯುವ ಐರಿಷ್ ಕಾರ್ಮಿಕನನ್ನು ದ್ವೇಷಿಸುವುದೇ ಇಂಗ್ಲಿಷ್ ಕಾರ್ಮಿಕ ವರ್ಗದ ನಿಶ್ಶಕ್ತಿಯ ಗುಟ್ಟು ಎಂದು ಮಾರ್ಕ್ಸ್ 1870ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಸಂಗಾತಿಗಳಿಗೆ ಬರೆದಿದ್ದ. ಆ ದ್ವೇಷದ ಲಾಭ ಯಾರ ಜೇಬಿಗೆ ಎಂದೂ ಹೇಳಿದ್ದ. ಇಂದಿನ ಎಡಪಂಥೀಯರು ಕೈಬಿಟ್ಟದ್ದು ಆ ಎರಡನೆಯ ಮಾತನ್ನು. ಕಂಪನಿಯ ಆಡಳಿತ ಮಂಡಳಿಯಲ್ಲಿ ಕಪ್ಪು ಹೆಂಗಸರು ಎಷ್ಟಿದ್ದಾರೆಂದು ಎಣಿಸುತ್ತಾರೆ. ಅದೇ ಕಂಪನಿಯ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವ ಕಪ್ಪು ಹೆಂಗಸಿನ ಕೂಲಿಯ ವಿಷಯಕ್ಕೆ ದನಿ ಇಳಿಯುತ್ತದೆ. ಹೆಚ್ಚು ಓದಿದವರ ಮತಗಳನ್ನೇ ನೆಚ್ಚಿದ ಈ ರಾಜಕಾರಣವನ್ನು ಅರ್ಥಶಾಸ್ತ್ರಜ್ಞ ತೋಮಾ ಪಿಕೆಟಿ 'ಬ್ರಾಹ್ಮಣ ಎಡ' ಎಂದು ಕರೆದರು. ಪಿಕೆಟಿ ಮಾರ್ಕ್ಸ್‌ವಾದಿಯಲ್ಲ, ಆದರೂ ಆ ಹೆಸರಿನ ಚುಚ್ಚು ನಮಗೆ ವಿವರಣೆಯಿಲ್ಲದೆಯೇ ತಾಗುತ್ತದೆ.

ಮಾರ್ಕ್ಸ್ ಒಪ್ಪುತ್ತಿದ್ದನೇ? 1875ರಲ್ಲಿ ತನ್ನದೇ ಜರ್ಮನ್ ಸಂಗಾತಿಗಳ ಗೋಥಾ ಕರಡನ್ನು, ಅಂದರೆ ಅವರ ಪಕ್ಷದ ಕಾರ್ಯಕ್ರಮದ ಕರಡನ್ನು, ಅಂಚಿನ ಟಿಪ್ಪಣಿಗಳಲ್ಲಿ ಚಿಂದಿ ಮಾಡಿದವನು ಅವನು. ಲೇಬರ್‌ನ ಈಗಿನ ಪ್ರಣಾಳಿಕೆ ಕೊಟ್ಟರೆ ಅಂಚು ಸಾಲುತ್ತಿರಲಿಲ್ಲ.