ಪದೇ ಪದೇ ವಿದೇಶಕ್ಕೆ ಹೋಗಿಬರುವವರು ಎಂಥ ವೈದ್ಯಕೀಯ ವಿಮೆ ಮಾಡಿಸಬೇಕು?

ವಿಮೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದೇನೆ. ನನಗೆ 47 ವರ್ಷ. ಜರ್ಮನಿಯಲ್ಲಿ ಇಬ್ಬರು ಗ್ರಾಹಕರು, ದುಬೈನಲ್ಲಿ ಒಬ್ಬ ವಿತರಕರು ಇರುವುದರಿಂದ ವರ್ಷಕ್ಕೆ ಆರೇಳು ಸಲ ಹೋಗಿಬರಬೇಕಾಗುತ್ತದೆ. ಈವರೆಗೆ ಪ್ರತಿ ಪ್ರಯಾಣಕ್ಕೂ ಬೇರೆ ಬೇರೆ ವಿಮೆ ಮಾಡಿಸುತ್ತಿದ್ದೆ. ಈಗ ಜರ್ಮನಿ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಎರಡು ವರ್ಷದ ಷೆಂಗೆನ್ ವೀಸಾ ಸಿಕ್ಕಿದೆ. ಇಡೀ ವರ್ಷಕ್ಕೆ ಒಂದೇ ಪಾಲಿಸಿ ತೆಗೆದುಕೊಂಡರೆ ಅಗ್ಗವಾಗುತ್ತದೆ ಎಂದು ಏಜೆಂಟರು ಹೇಳುತ್ತಾರೆ. ಆರು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅದನ್ನು ಅರ್ಜಿಯಲ್ಲಿ ಬರೆದರೆ ತೊಡಕಾಗುತ್ತದೆ, ಬರೆಯುವುದು ಬೇಡ ಎನ್ನುವುದೂ ಅವರದೇ ಸಲಹೆ. ಏನು ಮಾಡಲಿ?
- ಓದುಗರು, ಬೆಂಗಳೂರು

ಉತ್ತರ: ಏಜೆಂಟರ ಮೊದಲ ಸಲಹೆ ನಿಮಗೆ ಬಹುಮಟ್ಟಿಗೆ ಹೊಂದುತ್ತದೆ. ಎರಡನೆಯದನ್ನು ದಯವಿಟ್ಟು ಒಪ್ಪಬೇಡಿ. ಅದನ್ನೇ ಮೊದಲು ವಿವರಿಸುತ್ತೇನೆ, ಏಕೆಂದರೆ ಉಳಿದ ವಿಷಯಗಳಲ್ಲಿ ಆಯ್ಕೆ ತಪ್ಪಿದರೆ ಸ್ವಲ್ಪ ಹಣ ಹೆಚ್ಚಿಗೆ ಹೋಗಬಹುದು. ಈ ವಿಷಯದಲ್ಲಿ ತಪ್ಪಿದರೆ ಪಾಲಿಸಿ ಕೈಯಲ್ಲಿದ್ದೂ ಇಲ್ಲದಂತಾಗುತ್ತದೆ.

ವಿಮೆಯ ಅರ್ಜಿಯಲ್ಲಿ ಕೇಳಿದ ಪ್ರಶ್ನೆಗೆ ನಿಮಗೆ ಗೊತ್ತಿರುವ ಸಂಗತಿಯನ್ನು ಮುಚ್ಚಿಡದೆ ಹೇಳುವುದು ಕಾನೂನಿನ ಕಟ್ಟುಪಾಡು. ಅರ್ಜಿಯನ್ನು ಏಜೆಂಟರು ತುಂಬಿದ್ದರೂ ಸಹಿ ನಿಮ್ಮದಾದ್ದರಿಂದ ಹೊಣೆಯೂ ನಿಮ್ಮದೇ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಮೆಡಿಕ್ಲೇಮ್ ಪ್ರಕರಣದಲ್ಲಿ, ಮಧುಮೇಹ ಮತ್ತು ಮೂತ್ರಪಿಂಡದ ಕಾಯಿಲೆ ಇದ್ದುದನ್ನು ತಿಳಿಸದೆ ಪಾಲಿಸಿ ಪಡೆಯಲಾಗಿತ್ತು. ಹಣ ಕೊಡಲು ನಿರಾಕರಿಸಿದ ಕಂಪನಿಯ ಕ್ರಮ ಸರಿ ಎಂದೇ ನ್ಯಾಯಾಲಯ ಹೇಳಿತು. ಇದರ ಪಕ್ಕದಲ್ಲಿ 2021ರ ಡಿಸೆಂಬರ್ 6ರ ತೀರ್ಪನ್ನು ಇಟ್ಟು ನೋಡಿ. ಅದು ನಿಮ್ಮ ಸ್ಥಿತಿಗೆ ತೀರಾ ಹತ್ತಿರದ್ದು. ಅಮೆರಿಕಕ್ಕೆ ಹೊರಟಿದ್ದ ಒಬ್ಬರು ವಿದೇಶ ಪ್ರಯಾಣದ ಮೆಡಿಕ್ಲೇಮ್ ಪಾಲಿಸಿ ಪಡೆಯುವಾಗ ತಮಗೆ ಮಧುಮೇಹವಿದೆ ಎಂದು ತಿಳಿಸಿದ್ದರು, ವೈದ್ಯಕೀಯ ತಪಾಸಣೆಗೂ ಒಳಗಾಗಿದ್ದರು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಅವರಿಗೆ ಹೃದಯಾಘಾತವಾಗಿ, ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿಕೊಳ್ಳಬೇಕಾಯಿತು. ಕೊಲೆಸ್ಟರಾಲ್ ಸಮಸ್ಯೆ ಇದ್ದುದನ್ನು ಹೇಳಿಲ್ಲ ಎಂಬ ಕಾರಣ ಮುಂದಿಟ್ಟು ಕಂಪನಿ ಕ್ಲೇಮನ್ನು ತಳ್ಳಿಹಾಕಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ದ್ವಿಸದಸ್ಯ ಪೀಠ ಇದನ್ನು ಒಪ್ಪಲಿಲ್ಲ. ಅರ್ಜಿದಾರರು ತಿಳಿಸಿದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿ ಪಾಲಿಸಿ ಕೊಟ್ಟ ಮೇಲೆ, ಅದೇ ಸ್ಥಿತಿಯನ್ನು ಕಾರಣವಾಗಿಸಿ ಕ್ಲೇಮನ್ನು ನಿರಾಕರಿಸುವಂತಿಲ್ಲ ಎಂದು ಪೀಠ ತೀರ್ಪಿತ್ತಿತು. ಆ ವ್ಯಕ್ತಿ ಮಧುಮೇಹದ ಸಂಗತಿಯನ್ನು ಮೊದಲೇ ಬರೆದುಕೊಟ್ಟಿದ್ದುದು ಅವರ ವಾದಕ್ಕೆ ದೊಡ್ಡ ಆಧಾರವಾಯಿತು.

ಹಾಗೆಂದು, ಬರೆದಾಕ್ಷಣ ಮಧುಮೇಹಕ್ಕೆ ಸಂಬಂಧಿಸಿದ ಎಲ್ಲ ಖರ್ಚೂ ಸಿಗುತ್ತದೆ ಎಂದುಕೊಳ್ಳಬಾರದು. ನಮ್ಮಲ್ಲಿ ಮಾರಾಟವಾಗುವ ಪ್ರಯಾಣ ವಿಮೆಗಳಲ್ಲಿ ಹೆಚ್ಚಿನವು ಮೊದಲೇ ಇದ್ದ ಕಾಯಿಲೆಯನ್ನು ಹೊರಗಿಡುತ್ತವೆ. ಕೆಲವು, ಪ್ರಾಣಾಪಾಯದ ತುರ್ತು ಸಂದರ್ಭದಲ್ಲಿ ಮಾತ್ರ ಒಂದು ಮಿತಿಯವರೆಗೆ ಕೊಡುತ್ತವೆ. ನೀವು ಜರ್ಮನಿಯ ಹಿಮದಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡರೆ ಅದಕ್ಕೂ ಮಧುಮೇಹಕ್ಕೂ ಸಂಬಂಧವಿಲ್ಲ, ಹಣ ಬರಬೇಕು. ಸಕ್ಕರೆ ಪ್ರಮಾಣ ತೀವ್ರವಾಗಿ ಕುಸಿದು ಪ್ರಜ್ಞೆ ತಪ್ಪಿದರೆ ಅದು ಮೊದಲಿದ್ದ ಕಾಯಿಲೆಯದೇ ಪರಿಣಾಮ. ಹೃದಯಾಘಾತವಾದರೆ ಅದು ಇವೆರಡರ ನಡುವಿನ ಜಾಗ. ವಿವಾದಗಳು ಹುಟ್ಟುವುದು ಬಹುತೇಕ ಅಲ್ಲಿಯೇ. ಆದ್ದರಿಂದ ಹಣ ಕಟ್ಟುವ ಮೊದಲು ಕಂಪನಿಗೆ ನೇರವಾಗಿ ಒಂದು ಇಮೇಲ್ ಕಳಿಸಿ: "ನನಗೆ ಆರು ವರ್ಷದಿಂದ ಮಧುಮೇಹವಿದೆ, ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಪ್ರಯಾಣದಲ್ಲಿ ಇದಕ್ಕೆ ಸಂಬಂಧಿಸಿದ ತುರ್ತು ಚಿಕಿತ್ಸೆ ಬೇಕಾದರೆ ಎಷ್ಟು ಮೊತ್ತದವರೆಗೆ ಕೊಡುತ್ತೀರಿ, ಯಾವ ಷರತ್ತಿನ ಮೇಲೆ?" ಬಂದ ಉತ್ತರವನ್ನು ಪಾಲಿಸಿಯ ಜೊತೆಗೇ ಇಟ್ಟುಕೊಳ್ಳಿ. ಫೋನಿನಲ್ಲಿ ಕೊಟ್ಟ ಭರವಸೆ ಕ್ಲೇಮಿನ ಹೊತ್ತಿಗೆ ನಿಲ್ಲುವುದಿಲ್ಲ. ರಕ್ತದೊತ್ತಡಕ್ಕೋ ಕೊಲೆಸ್ಟರಾಲಿಗೋ ಮಾತ್ರೆ ಇದ್ದರೆ, ಅದು ಎಷ್ಟೇ ಕ್ಷುಲ್ಲಕವೆನಿಸಿದರೂ ಅರ್ಜಿಯಲ್ಲಿ ಬರೆಯಿರಿ.

ಇನ್ನು ವಾರ್ಷಿಕ ಪಾಲಿಸಿಯ ವಿಷಯ. ಇದನ್ನು ಮಲ್ಟಿ ಟ್ರಿಪ್ ಪಾಲಿಸಿ ಎಂದು ಮಾರುತ್ತಾರೆ. ವರ್ಷದೊಳಗೆ ಎಷ್ಟು ಸಲ ಹೋದರೂ ನಡೆಯುತ್ತದೆ, ಆದರೆ ಒಂದೊಂದು ಪ್ರಯಾಣಕ್ಕೂ ದಿನಗಳ ಮಿತಿ ಇರುತ್ತದೆ: ಸಾಮಾನ್ಯವಾಗಿ 30, 45 ಅಥವಾ 60 ದಿನ. ಪಾಲಿಸಿ ಕೊಳ್ಳುವವರು ಪ್ರೀಮಿಯಂ ನೋಡುತ್ತಾರೆ, ವಿಮಾ ಮೊತ್ತ ನೋಡುತ್ತಾರೆ, ಈ ಸಾಲನ್ನು ಮಾತ್ರ ಬಿಟ್ಟುಬಿಡುತ್ತಾರೆ. ಮಿತಿ 45 ದಿನವಿರುವ ಪಾಲಿಸಿಯೊಂದಿಗೆ ನೀವು ಮಾರ್ಚ್ 3ರಂದು ಹೊರಟಿರಿ ಎಂದಿಟ್ಟುಕೊಳ್ಳಿ. ಏಪ್ರಿಲ್ 16ಕ್ಕೆ 45 ದಿನ ಮುಗಿಯುತ್ತದೆ. ಗ್ರಾಹಕರ ಒತ್ತಾಯಕ್ಕೆ 20ರವರೆಗೆ ಉಳಿದು, 18ರಂದು ಆಸ್ಪತ್ರೆ ಸೇರಿದರೆ, ವಾರ್ಷಿಕ ಪಾಲಿಸಿ ಚಾಲ್ತಿಯಲ್ಲಿದ್ದರೂ ಆ ದಿನಕ್ಕೆ ನಿಮಗೆ ರಕ್ಷಣೆ ಇರುವುದಿಲ್ಲ. ಹಿಂದಿನ ಪ್ರಯಾಣದಲ್ಲಿ ಬಳಸದೆ ಉಳಿದ ದಿನಗಳನ್ನು ಇದಕ್ಕೆ ಸೇರಿಸಿಕೊಳ್ಳಲೂ ಆಗುವುದಿಲ್ಲ.

ದಿನ ಎಣಿಸುವಾಗ ನಿಮ್ಮಂಥವರು ಇನ್ನೊಂದನ್ನು ಗಮನಿಸಬೇಕು. ಭಾರತದ ಕಂಪನಿಗಳ ಪಾಲಿಸಿಗಳಲ್ಲಿ ಪ್ರಯಾಣವೆಂದರೆ ಭಾರತದಿಂದ ಹೊರಟು ಭಾರತಕ್ಕೆ ಮರಳುವುದು. ಬೆಂಗಳೂರಿನಿಂದ ದುಬೈಗೆ ಹೋಗಿ ಹತ್ತು ದಿನ ಇದ್ದು, ಅಲ್ಲಿಂದ ಹ್ಯಾನೋವರ್‌ನ ಪ್ರದರ್ಶನಕ್ಕೆ ಹೋಗಿ, ಮತ್ತೆ ದುಬೈಗೆ ಬಂದು ಊರಿಗೆ ಮರಳಿದರೆ, ನಿಮ್ಮ ಲೆಕ್ಕದಲ್ಲಿ ಅದು ಮೂರು ಕೆಲಸವಾದರೂ ಪಾಲಿಸಿಯ ಲೆಕ್ಕದಲ್ಲಿ ಒಂದೇ ಪ್ರಯಾಣ, ದಿನಗಳೆಲ್ಲ ಒಟ್ಟಿಗೆ ಸೇರುತ್ತವೆ. ಕಳೆದ ಎರಡು ಮೂರು ವರ್ಷದ ಪಾಸ್‌ಪೋರ್ಟ್ ಮುದ್ರೆಗಳನ್ನು ನೋಡಿ ನಿಮ್ಮ ಅತಿ ದೀರ್ಘ ಪ್ರಯಾಣ ಯಾವುದೆಂದು ತಿಳಿದುಕೊಂಡು, ಅದಕ್ಕಿಂತ ಒಂದು ಹಂತ ಮೇಲಿನ ಮಿತಿಯನ್ನೇ ಆರಿಸಿಕೊಳ್ಳಿ. ವರ್ಷಕ್ಕೆ ಎರಡೇ ಸಲ ಹೋಗುವವರಿಗೆ ಬಿಡಿ ಪಾಲಿಸಿಯೇ ಅಗ್ಗವಾಗಬಹುದು, ಆರೇಳು ಸಲ ಹೋಗುವವರಿಗೆ ವಾರ್ಷಿಕ ಪಾಲಿಸಿ ಸಾಮಾನ್ಯವಾಗಿ ಲಾಭದ್ದು. ನಿಮ್ಮ ವಯಸ್ಸಿಗೆ ಎರಡಕ್ಕೂ ದರ ತರಿಸಿಕೊಂಡು ಕೂಡಿ ನೋಡಿ.

ಎರಡು ವರ್ಷದ ವೀಸಾ ಸಿಕ್ಕಿರುವುದು ಸಂತೋಷ. ಮೂರು ವರ್ಷದೊಳಗೆ ಎರಡು ವೀಸಾಗಳನ್ನು ಪಡೆದು ನಿಯಮದಂತೆ ಬಳಸಿದ ಭಾರತೀಯರಿಗೆ ಇಂಥ ದೀರ್ಘ ವೀಸಾ ಕೊಡುವ ವ್ಯವಸ್ಥೆ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಹಾಗಾಗಿ ಈ ಪ್ರಶ್ನೆ ಹಲವರದ್ದೂ ಹೌದು. ಹಲವು ಸಲ ಪ್ರವೇಶಿಸಬಹುದಾದ ವೀಸಾಗೆ ಅರ್ಜಿ ಹಾಕುವಾಗ ಮೊದಲ ಪ್ರಯಾಣದ ವಿಮೆ ತೋರಿಸಿದರೆ ಸಾಕು. ಮುಂದಿನ ಪ್ರಯಾಣಗಳಿಗೂ ವಿಮೆ ಬೇಕೆಂಬುದು ಗೊತ್ತಿದೆ ಎಂದು ನೀವು ಆ ಅರ್ಜಿಯಲ್ಲಿಯೇ ಸಹಿ ಮಾಡಿರುತ್ತೀರಿ. ವೀಸಾ ಎರಡು ವರ್ಷ ಇದೆಯೆಂದು ವಿಮೆಯೂ ತಾನಾಗಿ ಮುಂದುವರಿಯುವುದಿಲ್ಲ. ಷೆಂಗೆನ್ ನಿಯಮದ ಪ್ರಕಾರ ವಿಮಾ ಮೊತ್ತ ಕನಿಷ್ಠ 30,000 ಯೂರೊ ಇರಬೇಕು, ಷೆಂಗೆನ್‌ನ ಎಲ್ಲ ದೇಶಗಳಿಗೂ ಅನ್ವಯಿಸಬೇಕು, ತುರ್ತು ಚಿಕಿತ್ಸೆ, ಆಸ್ಪತ್ರೆ ವಾಸ, ಅನಾರೋಗ್ಯದ ಕಾರಣಕ್ಕೆ ಸ್ವದೇಶಕ್ಕೆ ಕರೆತರುವುದು ಮತ್ತು ಸಾವು ಸಂಭವಿಸಿದರೆ ಪಾರ್ಥಿವ ಶರೀರವನ್ನು ತರುವ ವೆಚ್ಚ ಅದರಲ್ಲಿ ಸೇರಿರಬೇಕು. ಇದು ವೀಸಾಗೆ ಬೇಕಾದ ಕನಿಷ್ಠ ಮೊತ್ತ. ತೀವ್ರ ನಿಗಾ ಘಟಕದಲ್ಲಿ ಕೆಲವು ದಿನ ಇದ್ದು, ವೈದ್ಯರ ಜೊತೆ ವಿಮಾನದಲ್ಲಿ ಮಲಗಿಸಿ ಕರೆತರಬೇಕಾದಾಗ ಇಷ್ಟು ಸಾಲದೇ ಹೋಗಬಹುದು. ನಿಮಗೆ 1 ಲಕ್ಷ ಡಾಲರಿಗೆ ಕಡಿಮೆಯಿಲ್ಲದ ಪಾಲಿಸಿ ಸೂಕ್ತವೆಂಬುದು ನನ್ನ ಅಭಿಪ್ರಾಯ. ಆ ಮೊತ್ತ ಪ್ರತಿ ಪ್ರಯಾಣಕ್ಕೋ ಇಡೀ ವರ್ಷಕ್ಕೋ ಎಂಬುದನ್ನೂ ಕೇಳಿಕೊಳ್ಳಿ. ಅಮೆರಿಕ ಮತ್ತು ಕೆನಡಾ ಬಿಟ್ಟು ಉಳಿದ ದೇಶಗಳಿಗೆ ಎಂದಿರುವ ಪಾಲಿಸಿಗೆ ಪ್ರೀಮಿಯಂ ಕಡಿಮೆ. ಆ ಎರಡು ದೇಶಗಳಿಗೆ ಹೋಗುವ ಯೋಚನೆ ಈ ವರ್ಷ ಇಲ್ಲದಿದ್ದರೆ ಅದೇ ಸಾಕು.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ಮಾತಿದೆ. ನೀವು ಬರೀ ಮಾತುಕತೆಗೆ ಹೋಗುತ್ತೀರೋ, ಗ್ರಾಹಕರ ಕಾರ್ಖಾನೆಯಲ್ಲಿ ನಿಂತು ಬಿಡಿಭಾಗ ಜೋಡಿಸಿಕೊಡುತ್ತೀರೋ ಎಂಬುದನ್ನು ಪತ್ರದಲ್ಲಿ ತಿಳಿಸಿಲ್ಲ. ದೈಹಿಕ ಶ್ರಮದ ಅಥವಾ ಅಪಾಯದ ಕೆಲಸ ಮಾಡುವಾಗ ಆದ ಗಾಯಕ್ಕೆ ಹಣ ಕೊಡುವುದಿಲ್ಲ ಎಂಬ ಷರತ್ತು ಹಲವು ಪಾಲಿಸಿಗಳಲ್ಲಿದೆ. ಯಂತ್ರಕ್ಕೆ ಕೈ ಹಾಕುವ ಕೆಲಸ ಇದ್ದರೆ ಅದನ್ನೂ ಮೇಲೆ ಹೇಳಿದ ಇಮೇಲಿನಲ್ಲಿ ಸೇರಿಸಿ. ಪೀಣ್ಯದಂಥ ಕಡೆಯಿಂದ ಹೋಗುವ ಎಷ್ಟೋ ಮಂದಿ ಮಾಲೀಕರೂ ಅವರೇ, ಫಿಟ್ಟರೂ ಅವರೇ ಆಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಪ್ರತಿ ಕ್ಲೇಮಿನಲ್ಲೂ ಮೊದಲ 50 ಅಥವಾ 100 ಡಾಲರನ್ನು ನೀವೇ ಭರಿಸಬೇಕೆಂಬ ಷರತ್ತು ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ. ಊರಿಗೆ ಮರಳಿದ ಮೇಲಿನ ಚಿಕಿತ್ಸೆಗೆ ಪ್ರಯಾಣ ವಿಮೆ ಹೆಚ್ಚಾಗಿ ಒದಗುವುದಿಲ್ಲ, ಆದ್ದರಿಂದ ಇಲ್ಲಿನ ಮೆಡಿಕ್ಲೇಮ್ ಪಾಲಿಸಿಯನ್ನು ಬಿಡಬೇಡಿ. ವಾರ್ಷಿಕ ಪಾಲಿಸಿಯ ನವೀಕರಣವನ್ನು ಸಾಮಾನ್ಯವಾಗಿ ಹೊಸ ಒಪ್ಪಂದವೆಂದೇ ಪರಿಗಣಿಸುತ್ತಾರೆ. ಈ ವರ್ಷ ಕಾಣಿಸಿಕೊಂಡ ಕಾಯಿಲೆ ಮುಂದಿನ ವರ್ಷಕ್ಕೆ ಮೊದಲೇ ಇದ್ದ ಕಾಯಿಲೆಯಾಗುತ್ತದೆ, ಆಗ ಮತ್ತೆ ತಿಳಿಸಬೇಕು.

ಪ್ರಶ್ನೆ: ನಮ್ಮ ಅಮ್ಮನಿಗೆ 71 ವರ್ಷ. ಅಣ್ಣ ಶಾರ್ಜಾದಲ್ಲಿದ್ದಾನೆ. ಅಮ್ಮ ವರ್ಷದಲ್ಲಿ ಎರಡು ಮೂರು ಸಲ ಅಲ್ಲಿಗೆ ಹೋಗಿ, ಪ್ರತಿ ಸಲ ಎರಡು ತಿಂಗಳಿಗೂ ಹೆಚ್ಚು ಇದ್ದು ಬರುತ್ತಾರೆ. ಅವರಿಗೂ ವಾರ್ಷಿಕ ಪಾಲಿಸಿ ಒಳ್ಳೆಯದೇ?
- ಓದುಗರು, ಉಡುಪಿ

ಉತ್ತರ: ಹೊಂದುವುದಿಲ್ಲ. ಅವರ ಒಂದೊಂದು ಪ್ರಯಾಣವೂ ವಾರ್ಷಿಕ ಪಾಲಿಸಿಯ ದಿನಗಳ ಮಿತಿಯನ್ನು ದಾಟುತ್ತದೆ. ಅಲ್ಲದೆ ಹಲವು ಕಂಪನಿಗಳು 70 ದಾಟಿದವರಿಗೆ ವಾರ್ಷಿಕ ಪಾಲಿಸಿ ಕೊಡುವುದೂ ಇಲ್ಲ. ಪ್ರತಿ ಸಲವೂ ಹಿರಿಯ ನಾಗರಿಕರ ಬಿಡಿ ಪಾಲಿಸಿ ಮಾಡಿಸಿ, ಮರಳುವ ಟಿಕೆಟಿನ ದಿನಕ್ಕಿಂತ ಹದಿನೈದು ದಿನ ಹೆಚ್ಚಿಗೇ ತೆಗೆದುಕೊಳ್ಳಿ. ಮಗನ ಮನೆಗೆ ಹೋದ ತಾಯಿ ಹೇಳಿದ ದಿನಕ್ಕೆ ಹೊರಡುವುದು ಅಪರೂಪ. ಅವಧಿ ವಿಸ್ತರಿಸುವುದಾದರೆ ಪಾಲಿಸಿ ಮುಗಿಯುವ ಮೊದಲೇ ಕೇಳಬೇಕು, ಮುಗಿದ ಮೇಲೆ ಅಲ್ಲಿಂದಲೇ ಹೊಸದು ಕೊಳ್ಳುವುದು ಭಾರತದ ಕಂಪನಿಗಳಲ್ಲಿ ಕಷ್ಟ.

ಹಿರಿಯರ ಪಾಲಿಸಿಯಲ್ಲಿ ನೀವು ಕಣ್ಣಿಟ್ಟು ನೋಡಬೇಕಾದದ್ದು ಒಳಮಿತಿಗಳನ್ನು. ಮುಖಪುಟದಲ್ಲಿ 50,000 ಡಾಲರ್ ಎಂದಿದ್ದರೂ, ಒಳಗಿನ ಪಟ್ಟಿಯಲ್ಲಿ ಕೊಠಡಿ ಬಾಡಿಗೆಗೆ ದಿನಕ್ಕೆ ಇಷ್ಟು, ಐಸಿಯುಗೆ ಇಷ್ಟು, ಶಸ್ತ್ರಚಿಕಿತ್ಸಕರ ಶುಲ್ಕಕ್ಕೆ ಇಷ್ಟೇ ಎಂದು ಕಟ್ಟಿಹಾಕಿರುತ್ತಾರೆ. ಒಳಮಿತಿ ಇಲ್ಲದ ಪಾಲಿಸಿಗೆ ಪ್ರೀಮಿಯಂ ಹೆಚ್ಚು. ಅಮ್ಮನ ವಯಸ್ಸಿನಲ್ಲಿ ಆ ಹೆಚ್ಚುವರಿ ಹಣ ಕೊಡುವುದೇ ಸರಿ ಎನ್ನುತ್ತೇನೆ. ಅವರ ಔಷಧಿ ಚೀಟಿಯ ಪ್ರತಿ, ಪಾಲಿಸಿ ಸಂಖ್ಯೆ ಮತ್ತು ಕಂಪನಿಯ 24 ಗಂಟೆಯ ಸಹಾಯವಾಣಿ ಸಂಖ್ಯೆ ಅವರ ಕೈಚೀಲದಲ್ಲೂ ಇರಲಿ, ಅಣ್ಣನ ಮೊಬೈಲಿನಲ್ಲೂ ಇರಲಿ.

ಪ್ರಶ್ನೆ: ಸಿಂಗಪುರಕ್ಕೆ ಹೋಗಿದ್ದಾಗ ನನ್ನ ಪತ್ನಿಗೆ ತುರ್ತಾಗಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ಗಾಬರಿಯಲ್ಲಿ ವಿಮಾ ಕಂಪನಿಗೆ ತಿಳಿಸಿದ್ದು ಮೂರನೆಯ ದಿನ. ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಿದ್ದಾರೆ. ದಾರಿ ಇದೆಯೇ?
- ಓದುಗರು, ದಾವಣಗೆರೆ

ಉತ್ತರ: ಇದೆ, ಬಿಡಬೇಡಿ. ಅನಿವಾರ್ಯ ಕಾರಣದಿಂದ ತಡವಾದ ನಿಜವಾದ ಕ್ಲೇಮನ್ನು ಬರೀ ತಡವಾಯಿತೆಂದು ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್‌ನಲ್ಲಿಯೇ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ. ಅದನ್ನು ಉಲ್ಲೇಖಿಸಿ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲೂ ಅದನ್ನು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಕರ್ನಾಟಕಕ್ಕೆಲ್ಲ ಅದೇ ಕಚೇರಿ. ಕಂಪನಿಯ ನಿರಾಕರಣೆಯ ನಂತರ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು. 50 ಲಕ್ಷ ರೂಪಾಯಿವರೆಗಿನ ವಿವಾದಗಳನ್ನು ಅಲ್ಲಿ ವಿಚಾರಿಸುತ್ತಾರೆ, ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳುವ ಅಗತ್ಯವೂ ಇಲ್ಲ. ಆಸ್ಪತ್ರೆಗೆ ಸೇರಿದ ಸಮಯ ನಮೂದಾಗಿರುವ ದಾಖಲೆ, ಬಿಡುಗಡೆ ಪತ್ರ, ಬಿಲ್ಲುಗಳು, ಹಣ ಕಟ್ಟಿದ ರಸೀದಿ, ಪ್ರಯಾಣದ ದಿನಾಂಕ ತೋರುವ ಪಾಸ್‌ಪೋರ್ಟ್ ಪುಟಗಳು ಮತ್ತು ತಿರಸ್ಕಾರದ ಪತ್ರ, ಇವುಗಳ ಪ್ರತಿಗಳನ್ನು ಲಗತ್ತಿಸಿ. ಶಸ್ತ್ರಚಿಕಿತ್ಸೆ ತುರ್ತಾಗಿತ್ತು ಎಂದು ಅಲ್ಲಿನ ವೈದ್ಯರಿಂದ ಒಂದು ಪತ್ರವನ್ನು ಇಮೇಲಿನಲ್ಲಾದರೂ ತರಿಸಿಕೊಳ್ಳಿ; ನಿಮ್ಮ ದೂರಿಗೆ ಹೆಚ್ಚು ಬಲ ಬರುವುದು ಅದರಿಂದ.