ಅಳು ಬಂದರೆ ವಿಶ್ವಾಸ ಕಡಿಮೆಯಾಯಿತು ಅಂತಲ್ಲ

ಪ್ರಶ್ನೆ: ಪ್ರೀತಿಯ ಅಕ್ಕಾ, ದಯವಿಟ್ಟು ಹೆಸರು ಹಾಕಬೇಡಿ. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಗಂಡನಿಗೆ ಎರಡೂ ಕಿಡ್ನಿ ಹೋಗಿ ಒಂದೂವರೆ ವರ್ಷ ಆಯಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗಬೇಕು. ಬೆಳಿಗ್ಗೆ ಐದಕ್ಕೆ ಹೊರಟರೆ ಮನೆ ಮುಟ್ಟುವಾಗ ಮಧ್ಯಾಹ್ನ ಮೂರು ಗಂಟೆ. ಇದ್ದ ಚಿನ್ನ ಎಲ್ಲ ಅಡವಿಗೆ ಹೋಗಿದೆ. ನಾನು ದಿನಾ ಜಪಸರ ಹೇಳುತ್ತೇನೆ, ಆದಿತ್ಯವಾರದ ಪೂಜೆ ಆದಷ್ಟು ತಪ್ಪಿಸುವುದಿಲ್ಲ. ಹೋದ ತಿಂಗಳು ಪ್ರಾರ್ಥನಾ ಕೂಟದಲ್ಲಿ ತಡೆಯಲಾಗದೆ ಅತ್ತುಬಿಟ್ಟೆ. ಆಗ ಒಬ್ಬರು, "ನಿಮ್ಮ ವಿಶ್ವಾಸದಲ್ಲಿ ಎಲ್ಲೋ ಕೊರತೆ ಇದೆ, ಗಟ್ಟಿ ವಿಶ್ವಾಸ ಇದ್ದಿದ್ದರೆ ಇಷ್ಟರಲ್ಲಿ ಅವರಿಗೆ ಗುಣ ಆಗ್ತಿತ್ತು" ಅಂದರು. ಅವತ್ತಿನಿಂದ ಪ್ರಾರ್ಥನೆಗೆ ಕೂತರೆ ಅದೇ ಮಾತು ಕಿವಿಯಲ್ಲಿ. ನನ್ನಿಂದಾಗಿಯೇ ಅವರಿಗೆ ಗುಣವಾಗುತ್ತಿಲ್ಲವಾ? ಭರವಸೆ ಬಿಡಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಅಂತ ಯಾರೂ ಹೇಳುವುದಿಲ್ಲ.

ಉತ್ತರ: ಇಲ್ಲ ತಂಗೀ. ನಿಮ್ಮಿಂದಾಗಿ ಅಲ್ಲ. ಮುಂದಿನದನ್ನು ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟೇ ಓದಿ ಪತ್ರಿಕೆ ಮಡಚಿಡಿ, ಸಾಕು.

ಆ ಮಾತು ಹೇಳಿದವರು ಕೆಟ್ಟ ಮನಸ್ಸಿನಿಂದ ಹೇಳಿರಲಾರರು. ಆದರೆ ಮಾತು ತಪ್ಪು. ಹುಟ್ಟು ಕುರುಡನೊಬ್ಬನನ್ನು ನೋಡಿ ಶಿಷ್ಯರು ಯೇಸುವಿನ ಹತ್ತಿರ ಇದನ್ನೇ ಕೇಳಿದ್ದರು, ಯಾರ ಪಾಪದಿಂದ ಹೀಗಾಯಿತು, ಇವನದ್ದಾ, ಇವನ ಅಪ್ಪ ಅಮ್ಮನದ್ದಾ ಅಂತ. ಇಬ್ಬರದ್ದೂ ಅಲ್ಲ ಅಂದರು ಯೇಸು. ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿದೆ, ತೆಗೆದು ನೋಡಿ. ಇನ್ನು ಸಂತ ಪೌಲರು. ತಮ್ಮ ಶರೀರದಲ್ಲಿ ಒಂದು ಮುಳ್ಳು ಇದೆ, ಅದನ್ನು ತೆಗೆದುಬಿಡು ಅಂತ ಮೂರು ಸಲ ಬೇಡಿಕೊಂಡೆ ಎಂದು ಅವರೇ ಕೊರಿಂಥದವರಿಗೆ ಬರೆದಿದ್ದಾರೆ. ಮುಳ್ಳು ಹೋಗಲಿಲ್ಲ. ಸಿಕ್ಕಿದ್ದು ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ. ಪೌಲರಿಗೆ ವಿಶ್ವಾಸ ಸಾಲದಾಯಿತು ಅಂತ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ಬೈಬಲಿನಲ್ಲಿ ಕಷ್ಟದ ಮೇಲೆ ಕಷ್ಟ ಕಂಡ ಯೋಬನ ಗೆಳೆಯರನ್ನೂ ನೆನಪಿಸಿಕೊಳ್ಳಿ. ಅವನ ಕಷ್ಟ ಕೇಳಿ ದೂರದೂರದಿಂದ ಬಂದರು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತರು, ಒಬ್ಬನೂ ಮಾತಾಡಲಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಅಂತ ನನಗೆ ಅನಿಸುತ್ತದೆ. ಬಾಯಿ ಬಿಟ್ಟ ಮೇಲೆ ಅವರು ಹೇಳಿದ್ದು ನಿಮಗೆ ಕೂಟದಲ್ಲಿ ಹೇಳಿದ್ದನ್ನೇ: ನಿನ್ನಲ್ಲೇ ಏನೋ ತಪ್ಪಿದೆ. ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸಿದ್ದ, ದೇವರ ಜೊತೆ ವಾದಕ್ಕೆ ನಿಂತಿದ್ದ. ಪುಸ್ತಕದ ಕೊನೆಗೆ ದೇವರ ಸಿಟ್ಟು ಬಂದದ್ದು ಆ ಗೆಳೆಯರ ಮೇಲೆ, ಸರಿಯಾಗಿ ಮಾತಾಡಿದವನು ಯೋಬ ಅಂತ ದೇವರೇ ಹೇಳುತ್ತಾನೆ.

ಹಾಗಾಗಿ ಅತ್ತದ್ದಕ್ಕೆ ನಾಚಿಕೆ ಬೇಡ. ಬೈಬಲಿನ ಹದಿಮೂರನೇ ಕೀರ್ತನೆಯ ಮೊದಲ ಎರಡು ವಚನಗಳಲ್ಲಿ "ಎಷ್ಟು ಕಾಲ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಎಂಬತ್ತೆಂಟನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ. ಕೊನೆಗೆ ಎಲ್ಲ ಸರಿಹೋಯಿತು ಅನ್ನುವ ಸಾಲೇ ಅದರಲ್ಲಿಲ್ಲ. ಆದರೂ ಅದನ್ನು ಯಾರೂ ಕಿತ್ತು ಹಾಕಲಿಲ್ಲ, ಸಾವಿರಾರು ವರ್ಷಗಳಿಂದ ಪ್ರಾರ್ಥನೆ ಅಂತಲೇ ಓದುತ್ತಿದ್ದೇವೆ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ ಕೀರ್ತನೆಯ ಸಾಲೇ, ನನ್ನನ್ನು ಯಾಕೆ ಕೈಬಿಟ್ಟೆ ಅಂತ. ಅದೂ ದೇವರ ಕಡೆಗೇ ಮುಖ ಮಾಡಿ ಕೂಗಿದ್ದು, ಅಲ್ವಾ? ನೀವೂ ಅಷ್ಟೇ ಮಾಡುತ್ತಿದ್ದೀರಿ. ಜಪಸರದ ಐವತ್ತಮೂರು ನಮೋ ಮರಿಯಾ ಹೇಳಲು ಆಗದ ದಿನ "ದೇವರೇ, ನನಗೆ ಸಾಕಾಯಿತು" ಅಂತ ಹೇಳಿ ಮಲಗಿಬಿಡಿ. ಅದನ್ನೂ ಕೇಳುವವನಿದ್ದಾನೆ.

ಹೇಗೆ ಅಂತ ಕೇಳಿದ್ದೀರಲ್ಲ, ಅದಕ್ಕೆ ಬರುತ್ತೇನೆ. ಭರವಸೆಗೆ ಸತ್ಯವೇದದಲ್ಲಿ (ಬೈಬಲಿನಲ್ಲಿ) ನಂಬಿಕೆ, ಪ್ರೀತಿಯ ಜೊತೆಗೆ ಬರುವ ಪದ ನಿರೀಕ್ಷೆ. ನಿರೀಕ್ಷೆ ಅಂದರೆ ದಾರಿ ನೋಡುವುದು, ಕಾಯುವುದು. ಕಾಯುವವರಿಗೆ ಕಾಲು ನೋಯುತ್ತದೆ. ಸೀತಾಂಗೋಳಿಯಲ್ಲಿ ಕೊನೇ ಬಸ್ಸಿಗೆ ಕಾದವರನ್ನು ಕೇಳಿ, ಬಸ್ಸು ಬರುತ್ತದೆ ಎಂಬ ಧೈರ್ಯ ಇದ್ದರೂ ಕಾಲು ನೋವು ತಪ್ಪುವುದಿಲ್ಲ. ಕಾಣದೇ ಇರುವುದನ್ನು ನಿರೀಕ್ಷಿಸುವಾಗ ತಾಳ್ಮೆಯಿಂದ ಕಾದುಕೊಂಡಿರುತ್ತೇವೆ ಅಂತ ಪೌಲರು ರೋಮಿನವರಿಗೆ ಬರೆದರು. ನಗುತ್ತಾ ಕಾಯಬೇಕು ಅಂತ ಬರೆಯಲಿಲ್ಲ.

ನಿಮ್ಮ ಮನೆಯಿಂದ ಬೇಳ ದೂರವಿಲ್ಲ. ಅಲ್ಲಿನ ಇಗರ್ಜಿ (ಚರ್ಚು) 1890ರದ್ದು, ಶೋಕಮಾತೆ ಮರಿಯಮ್ಮನಿಗೆ ಅರ್ಪಿಸಿದ್ದು. ನನ್ನ ಅಮ್ಮ ಒಂದು ಮಗ್ಗುಲು ಸ್ವಾಧೀನ ತಪ್ಪಿ ನಾಲ್ಕು ವರ್ಷ ಮಲಗಿದ್ದಾಗ ಒಂದು ದಿನ ಯಾರ ಹತ್ತಿರವೂ ಹೇಳದೆ ಅಲ್ಲಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ, ಪ್ರಾರ್ಥನೆ ಅಂತ ಒಂದು ಪದವೂ ಬಾಯಿಗೆ ಬರಲಿಲ್ಲ. ಆಗ ಹೊಳೆದದ್ದು ಇದು. ಶಿಲುಬೆಯ ಬುಡದಲ್ಲಿ ಮರಿಯಮ್ಮ ಏನು ಹೇಳಿದರು ಅಂತ ಯೋಹಾನ ಬರೆದಿಲ್ಲ. ಅವರು ಅಲ್ಲಿ ನಿಂತಿದ್ದರು ಅಂತ ಮಾತ್ರ ಬರೆದಿದ್ದಾನೆ. ಮಗನನ್ನು ಇಳಿಸಿಕೊಳ್ಳಲು ಅವರಿಂದ ಆಗಲಿಲ್ಲ, ನೋವು ಕಡಿಮೆ ಮಾಡಲೂ ಆಗಲಿಲ್ಲ. ಬಿಟ್ಟು ಹೋಗಲಿಲ್ಲ, ಅಷ್ಟೇ. ನೀವು ವಾರಕ್ಕೆ ಮೂರು ಸಲ ಬೆಳಿಗ್ಗೆ ಐದಕ್ಕೆ ಗಂಡನ ಜೊತೆ ಹೊರಡುತ್ತೀರಿ, ಆ ನಾಲ್ಕು ಗಂಟೆ ಮೆಷಿನ್ ಓಡುವವರೆಗೆ ಹೊರಗೆ ಕೂತಿರುತ್ತೀರಿ. ಇದಕ್ಕಿಂತ ಗಟ್ಟಿ ವಿಶ್ವಾಸ ಇನ್ನೇನು ಬೇಕು ಅಂತ ನನಗೆ ಗೊತ್ತಿಲ್ಲ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ವಿಶ್ವಾಸ ಇದ್ದರೆ ಡಯಾಲಿಸಿಸ್ ಯಾಕೆ ಅಂತ ಯಾರಾದರೂ ಅಂದರೆ ಆ ಮಾತನ್ನು ಅಲ್ಲೇ ಬಿಟ್ಟು ಬನ್ನಿ. ಒಂದು ಸಲವೂ ತಪ್ಪಿಸಬೇಡಿ. ಪೌಲರ ಜೊತೆ ತಿರುಗಿದ ಲೂಕ ವೈದ್ಯ. ವೈದ್ಯನನ್ನು ಜೊತೆಗಿಟ್ಟುಕೊಂಡದ್ದರಿಂದ ಪೌಲರ ವಿಶ್ವಾಸ ಕಡಿಮೆಯಾಗಲಿಲ್ಲ. ನಿಮಗೆ ಬೇಕು ಅನಿಸಿದರೆ ಆ ಕೂಟಕ್ಕೆ ಕೆಲವು ತಿಂಗಳು ಹೋಗುವುದೇ ಬೇಡ, ಅದರಲ್ಲಿ ಪಾಪ ಏನೂ ಇಲ್ಲ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ನೋವಾದದ್ದು ಬೇರೆ ಕಡೆ. ಪತ್ರದ ಉದ್ದಕ್ಕೂ ನೀವೊಬ್ಬರೇ ಇದ್ದೀರಿ. ಇದು ಒಬ್ಬರು ಹೊರುವ ಭಾರ ಅಲ್ಲ. ವಿಮೋಚನಕಾಂಡದಲ್ಲಿ ಮೋಶೆ ಕೈ ಎತ್ತಿಕೊಂಡಿರುವ ತನಕ ಇಸ್ರಾಯೇಲರು ಯುದ್ಧದಲ್ಲಿ ಗೆಲ್ಲುತ್ತಾರೆ, ಇಳಿಸಿದರೆ ಸೋಲುತ್ತಾರೆ. ಮೋಶೆಯ ಕೈಯೂ ಸೋತಿತು. ಆಗ ಅವನಿಗೆ ಯಾರೂ ಉಪದೇಶ ಮಾಡಲಿಲ್ಲ. ಕೂರಲು ಒಂದು ಕಲ್ಲು ತಂದಿಟ್ಟರು, ಆಚೆ ಈಚೆ ಇಬ್ಬರು ನಿಂತು ಸಂಜೆಯವರೆಗೆ ಕೈ ಹಿಡಿದುಕೊಂಡರು. ಧರ್ಮಸಭೆಯ 2025ರ ಜೂಬಿಲಿ ವರ್ಷಕ್ಕೆ ನಾವೆಲ್ಲ "ಭರವಸೆಯ ಯಾತ್ರಿಕರು" ಅಂತ ಬರೆದುಕೊಂಡೆವಲ್ಲ, ಅಲ್ಲಿಯೂ ಯಾತ್ರಿಕ ಒಬ್ಬನಲ್ಲ.

ಆ ಕಲ್ಲು ಯಾವುದು, ಕೈ ಯಾರದ್ದು ಅಂತ ಈಗ ಹುಡುಕಬೇಕು. ನಿಮ್ಮ ವಾಳೆಯ (ಇಗರ್ಜಿಯ ವಾರ್ಡಿನ) ಗುರಿಕಾರರ, ಅಂದರೆ ಮುಖ್ಯಸ್ಥರ ಹತ್ತಿರ ನೇರವಾಗಿ ಕೇಳಿ: ವಾರದಲ್ಲಿ ಒಂದು ದಿನ ಗಂಡನ ಜೊತೆ ಮಂಗಳೂರಿಗೆ ಹೋಗಲು ಯಾರಾದರೂ ಸಿಗುತ್ತಾರಾ? "ಸಹಾಯ ಬೇಕು" ಅಂದರೆ ಎಲ್ಲರೂ ತಲೆಯಾಡಿಸಿ ಹೋಗುತ್ತಾರೆ, "ಗುರುವಾರ ಬನ್ನಿ" ಅಂದರೆ ಒಬ್ಬರಾದರೂ ಬರುತ್ತಾರೆ. ಇಗರ್ಜಿಯಲ್ಲಿ ವಿನ್ಸೆಂಟ್ ದ ಪಾವ್ಲ್ ಸಭೆ ಇದ್ದರೆ ಅವರಿಗೂ ತಿಳಿಸಿ, 1833ರಲ್ಲಿ ಪ್ಯಾರಿಸಿನಲ್ಲಿ ಶುರುವಾದಾಗಿನಿಂದ ಕಷ್ಟದಲ್ಲಿರುವ ಮನೆಗೆ ಹೋಗುವುದೇ ಅವರ ಕೆಲಸ. ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ನಿಮ್ಮ ಕಾರ್ಡ್ ಸೇರಿದೆಯಾ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಡಯಾಲಿಸಿಸ್ ಜಾಗ ಖಾಲಿ ಇದೆಯಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಕೇರಳದಲ್ಲಿ 2008ರಿಂದ ಪಾಲಿಯೇಟಿವ್ (ದೀರ್ಘ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ) ನೀತಿ ಇದೆ, ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ. ಅವರ ಹತ್ತಿರ ಗಂಡನ ವಿಷಯ ಮಾತ್ರ ಅಲ್ಲ, ನಿಮ್ಮ ನಿದ್ದೆ, ಊಟದ ವಿಷಯವನ್ನೂ ಹೇಳಿ.

ಮತ್ತೆ, ನೋಡಲು ಬರುವವರೆಲ್ಲ ಪ್ರೀತಿಯಿಂದ ಬೊಂಡ (ಎಳನೀರು) ತರುತ್ತಾರೆ. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಕಿಡ್ನಿ ಹೋದವರಿಗೆ ಅಪಾಯ. ಡಾಕ್ಟರು ಹೇಳಿಯೇ ಇರುತ್ತಾರೆ, ಆದರೂ ಬಂದವರ ಮನಸ್ಸು ನೋಯಬಾರದು ಅಂತ ಒಂದು ಗುಟುಕು ಕುಡಿಸಬೇಡಿ. ನೀವೇ ಕುಡಿಯಿರಿ. ನಿಮಗೆ ಬೇಕು.

ಪ್ರಶ್ನೆ: ದುಬೈಯಲ್ಲಿ ರಾತ್ರಿ ಪಾಳಿಯ ಕೆಲಸ ಅಕ್ಕಾ, ಊರು ಮಂಜೇಶ್ವರ. ರೂಮಿನಲ್ಲಿ ಆರು ಜನ. ಮನೆಯ ಸಾಲ ತೀರುವ ಲಕ್ಷಣವಿಲ್ಲ. ಬೈಬಲ್ ತೆಗೆದರೆ ಎರಡು ಸಾಲಿಗೆ ನಿದ್ದೆ ಬರುತ್ತದೆ. ನಾನು ದೇವರಿಂದ ದೂರ ಹೋಗುತ್ತಿದ್ದೇನಾ?

ಉತ್ತರ: ನಿಮಗೆ ನಿದ್ದೆ ಸಾಲುತ್ತಿಲ್ಲ ತಮ್ಮಾ. ಪ್ರವಾದಿ ಎಲೀಯ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ಹೇಳಿ ಹಾಗೇ ನಿದ್ದೆ ಹೋದ. ದೇವದೂತ ಬಂದು ಬೈಯಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು, ಎದ್ದು ತಿನ್ನು ಅಂದ. ಎಲೀಯ ತಿಂದು ಮತ್ತೆ ಮಲಗಿದ. ಮತ್ತೊಮ್ಮೆ ಎಬ್ಬಿಸಿ ಮತ್ತೆ ತಿನ್ನಿಸಿದ, ದಾರಿ ದೂರ ಇದೆ ಅಂತ. ನೀವೂ ಹೊಟ್ಟೆತುಂಬ ತಿಂದು ಮಲಗಿ. ಎದ್ದ ಮೇಲೆ ಒಂದು ಪರಲೋಕ ಪ್ರಾರ್ಥನೆ ಹೇಳಿ, ಈಗ ಅಷ್ಟು ಸಾಕು. ಅಲ್ಲಿ 2022ರಿಂದ ವಾರದ ರಜೆ ಶನಿವಾರ, ಆದಿತ್ಯವಾರಕ್ಕೆ ಬಂದಿದೆ. ನಿಮ್ಮ ಪಾಳಿಗೆ ಆ ರಜೆ ಸಿಗದಿದ್ದರೆ ಯಾವ ದಿನ ಬಿಡುವೋ ಆ ದಿನ ಇಗರ್ಜಿಗೆ ಹೋಗಿ ಬನ್ನಿ. ಸಾಲದ ಲೆಕ್ಕ ಮಾತ್ರ ಒಬ್ಬರೇ ನುಂಗಿಕೊಳ್ಳಬೇಡಿ. ಮನೆಯವರಿಗೆ ಪೂರ್ತಿ ಹೇಳಿ. ಸಾಯುವ ಯೋಚನೆ ಒಂದು ಸಲ ಬಂದರೂ ಅದೇ ಗಳಿಗೆಯಲ್ಲಿ ರೂಮಿನವರನ್ನು ಎಬ್ಬಿಸಿ ಹೇಳಿ.

ಪ್ರಶ್ನೆ: ಕೊಳೆರೋಗಕ್ಕೆ ಅಡಿಕೆ ಅರ್ಧಕ್ಕರ್ಧ ಉದುರಿ ಹೋಯಿತು. ಬೋರ್ಡೊ ದ್ರಾವಣ ಎರಡು ಸಲ ಹೊಡೆದರೂ ಮಳೆ ಬಿಡಲಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ) ಇಗರ್ಜಿಗೆ ಕೊಡಲು ಈ ವರ್ಷ ಏನೂ ಇಲ್ಲ. ಹೋಗಲು ಮುಜುಗರ.

ಉತ್ತರ: ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ಕರ್ತನಲ್ಲಿ ಸಂತೋಷಪಡುತ್ತೇನೆ ಅಂತ ಪ್ರವಾದಿ ಹಬಕ್ಕೂಕ ಬರೆದದ್ದು ಬೆಳೆ ಹೋದ ನಿಮ್ಮಂಥವರಿಗೇ. ಆಶೀರ್ವದಿಸಿದ ತೆನೆ ಕಾಣಿಕೆ ಕೊಟ್ಟವರಿಗೆ ಮಾತ್ರ ಅಂತ ಎಲ್ಲಿಯೂ ಇಲ್ಲ, ಎಲ್ಲರ ಮನೆಗೂ ಬರುತ್ತದೆ, ನಿಮ್ಮ ಮನೆಗೂ. ಮಕ್ಕಳನ್ನು ಒಂಬತ್ತು ದಿನದ ನೊವೆನಾ ಪ್ರಾರ್ಥನೆಯ ಮೊದಲ ದಿನದಿಂದಲೇ ಕಳಿಸಿ. ಮರಿಯಮ್ಮನಿಗೆ ಹಾಕಲು ಅಂಗಳದ ದಾಸವಾಳ, ಬೇಲಿಯ ಹೂವು ಯಾವುದಿದ್ದರೂ ಆಗುತ್ತದೆ, ಈ ಮಳೆಗೆ ಅದಂತೂ ಚೆನ್ನಾಗಿಯೇ ಬಿಟ್ಟಿರಬೇಕು.