ಆಲೆಮನೆ ಗಾಣದ ಶಾಫ್ಟ್ ಪದೇ ಪದೇ ಒಂದೇ ಜಾಗದಲ್ಲಿ ಮುರಿಯುತ್ತಿದೆ. ಹೊಸದು ಮಾಡಿಸುವಾಗ ಏನು ನೋಡಬೇಕು?

ಮುರಿದ ತುಂಡನ್ನು ಗುಜರಿಗೆ ಹಾಕಬೇಡಿ, ಮೊದಲು ಅದನ್ನು ನೋಡಿ. ಮುರಿದ ಮುಖದಲ್ಲಿ ಒಂದು ಮೂಲೆಯಿಂದ ಹರಡಿದ ನಯವಾದ ಬಳೆ ಗೆರೆಗಳು, ಆಮೇಲೆ ಒರಟು ಭಾಗ ಕಾಣುತ್ತಾ? ಹಾಗಿದ್ದರೆ ಅದು ಒಂದೇ ಏಟಿಗೆ ಮುರಿದಿದ್ದಲ್ಲ. ಶಾಫ್ಟ್ ತಿರುಗಿದಂತೆಲ್ಲ ಸಣ್ಣ ಬಿರುಕು ಬೆಳೆದಿದೆ. ಅದು ಹುಟ್ಟುವುದು ಹೆಚ್ಚಾಗಿ ಕೀವೇ (ಗೇರ್ ಜಾರದಂತೆ ಕೀಲಿ ಕೂರಿಸಲು ಶಾಫ್ಟ್‌ನಲ್ಲಿ ಕೊರೆದ ಉದ್ದ ಕುಳಿ) ಮೂಲೆಯಲ್ಲಿ, ಇಲ್ಲವೇ ಶಾಫ್ಟ್ ಸಣ್ಣದಾಗುವ ಮೆಟ್ಟಿಲಿನಲ್ಲಿ.

ಮಂಡ್ಯ ಕಡೆ ಎಷ್ಟೋ ಜನ ಸುಮ್ನೆ ಇನ್ನೂ ಗಟ್ಟಿ ಸ್ಟೀಲ್ ಹಾಕಿಸುತ್ತಾರೆ. ಮೂಲೆ ಚೂಪಾಗಿಯೇ ಇದ್ದರೆ ಅದೂ ಅಲ್ಲೇ ಮುರಿಯುತ್ತೆ. ಲೇತ್‌ನವರಿಗೆ ಮೆಟ್ಟಿಲಿನ ಮೂಲೆಗೆ ರೇಡಿಯಸ್ ಕೊಡಲು, ಅಂದರೆ ಚೂಪು ತೆಗೆದು ದುಂಡಾಗಿಸಲು ಹೇಳಿ. ಆ ರೇಡಿಯಸ್ ಬೇರಿಂಗ್ ಅಂಚಿನ ರೇಡಿಯಸ್‌ಗಿಂತ ಚಿಕ್ಕದಿರಲಿ, ಇಲ್ಲದಿದ್ದರೆ ಬೇರಿಂಗ್ ಪೂರ್ತಿ ಕೂರಲ್ಲ.

ಮೈಲ್ಡ್ ಸ್ಟೀಲ್ ಬೇಡ. ಸುಮಾರು 0.4% ಕಾರ್ಬನ್ ಇರುವ ಇಎನ್8 ಅನ್ನೋ ಸ್ಟೀಲ್ ಸಾಮಾನ್ಯವಾಗಿ ಸಾಕು, ಲೋಡ್ ಜಾಸ್ತಿ ಇದ್ದರೆ ಅದಕ್ಕಿಂತ ಗಟ್ಟಿಯಾದ ಇಎನ್24. ಜಾಗ ಇದ್ದರೆ ದಪ್ಪ ಹೆಚ್ಚಿಸಿ: 60 ಮಿ.ಮೀ. ಬದಲು 66 ಮಾಡಿದರೆ ತಿರುಚುವ ಬಲ ತಡೆಯುವ ಶಕ್ತಿ ಸುಮಾರು 33% ಏರುತ್ತೆ.

ಸ್ಟೀಲ್ ಗಟ್ಟಿಯಾಗಲೆಂದು ಕಾಯಿಸಿ ತಣಿಸುವ ಹೀಟ್ ಟ್ರೀಟ್‌ಮೆಂಟ್‌ನಲ್ಲಿ ಶಾಫ್ಟ್ ಸ್ವಲ್ಪ ಬಾಗಬಹುದು. ಹಾಗಾಗಿ ಬೇರಿಂಗ್ ಕೂರುವ ಜಾಗದ ಗ್ರೈಂಡಿಂಗ್ (ಉಜ್ಜಿ ಸರಿಯಾದ ಅಳತೆಗೆ ತರುವುದು) ಕೊನೆಗೆ ಆಗಬೇಕು. ಊರಲ್ಲಿ ಅದು ಆಗದಿದ್ದರೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿ. ಹಳೇ ಶಾಫ್ಟನ್ನು ವೆಲ್ಡಿಂಗ್ ಮಾಡಿಸಿ ಮತ್ತೆ ಹಾಕಬೇಡಿ.